ಪೈನ್ ಕಾಯಿ ಇಟ್ಟ ಕುರ್ಚಿ

ರೂಫಸ್ ತನ್ನ ಕೈಯಾರೆ ಆ ಪೈನ್ ಕಾಯಿಯನ್ನು ಎತ್ತಿದ್ದನ್ನು ಹೆಸ್ಟರ್ ಕಣ್ಣಾರೆ ಕಂಡಳು. ಬೇರೆ ಯಾರಾದರೂ ಬಂದು ಹೇಳಿದ್ದರೆ ಖಂಡಿತ ನಂಬುತ್ತಿರಲಿಲ್ಲ. ಎತ್ತಿದವನು ಅದನ್ನು ಜೇಬಿಗೆ ಹಾಕಿಕೊಂಡು, ಹಸಿರು ಮಖಮಲ್ಲಿನ ಕುರ್ಚಿಯನ್ನು ಕೆಂಪು ಕೋಟಿನ ಹೆಂಗಸಿನ ಕಡೆ ಮೆಲ್ಲಗೆ ತಿರುಗಿಸಿ, ಕೂತ್ಕೊಳ್ಳಿ ಎಂದ. ಆಕೆ ಕೂತಳು. ಸಾಲದ್ದಕ್ಕೆ ಕಾಲ ಮೇಲೆ ಕಾಲು ಹಾಕಿಕೊಂಡಳು.

ಜನ ಟಿಕೆಟ್ ಕೊಟ್ಟು ನೋಡಲು ಬರುವ ಹಳೆಯ ಬಂಗಲೆ ಮಾರ್‌ಕೂಮ್ ಹೌಸಿನಲ್ಲಿ ಕುರ್ಚಿಯ ಮೇಲೆ ಪೈನ್ ಮರದ ಒಣ ಕಾಯಿ ಇದೆಯೆಂದರೆ ಅರ್ಥ ಒಂದೇ. ಇದು ಮುನ್ನೂರು ವರ್ಷದ ಕುರ್ಚಿ, ದಯವಿಟ್ಟು ಕೂರಬೇಡಿ. ಬೋರ್ಡು ಹಾಕಿದರೆ ಬಂದವರಿಗೆ ಗದರಿದಂತೆ ಆಗುತ್ತದೆಂದು ಹಿಂದೆ ಯಾರೋ ಶುರು ಮಾಡಿದ ಮರ್ಯಾದೆಯ ಪದ್ಧತಿ ಅದು. ರೂಫಸ್ ಪೆಂಡರ್‌ಗಂತೂ ಅದು ವೇದವಾಕ್ಯ. ವಾರವೆಲ್ಲ ಗಡಿಯಾರ ರಿಪೇರಿ ಮಾಡುವ ಈ ಮನುಷ್ಯ ಶನಿವಾರ, ಭಾನುವಾರ ಆ ಮನೆಯ ಸ್ವಯಂಸೇವಕರಿಗೆಲ್ಲ ಮುಖ್ಯಸ್ಥ. ಎಂಬತ್ತು ದಾಟಿದ ಕರ್ನಲ್ ಒಬ್ಬರು ಅರ್ಧ ಕೂತಿದ್ದಾಗ ಅವರನ್ನೂ ಕೈ ಹಿಡಿದು ಎಬ್ಬಿಸಿದ್ದ.

ಹೆಸ್ಟರ್‌ಗೂ ರಿಯಾಯಿತಿ ಇರಲಿಲ್ಲ. ಅವಳು ಊರಿನ ಪೋಸ್ಟ್ ಆಫೀಸಿನವಳು. ಆರು ವರ್ಷದಿಂದ ವಾರಾಂತ್ಯಗಳಲ್ಲಿ, ಆ ಕುರ್ಚಿಯಿರುವ ಮನೆಯ ಲೈಬ್ರರಿಯಲ್ಲಿ ನಿಂತು ಬಂದವರಿಗೆ ಪುಸ್ತಕ, ಚಿತ್ರಗಳ ಕಥೆ ಹೇಳುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಸೈಕಲ್ಲಿಂದ ಬಿದ್ದು ಮಂಡಿ ಊದಿಕೊಂಡಿದ್ದಾಗ, ಆ ಹಸಿರು ಕುರ್ಚಿಯಲ್ಲಿ ಐದೇ ನಿಮಿಷ ಕೂರಲೇ ಎಂದು ಕೇಳಿದ್ದಳು. ರೂಫಸ್ ಕಿವಿಯವರೆಗೂ ಕೆಂಪಾಗಿ, ನಿಯಮ ಎಲ್ಲರಿಗೂ ಒಂದೇ ಎಂದಿದ್ದ. ಹೆಸ್ಟರ್ ಸಂಜೆಯವರೆಗೆ ಒಂಟಿ ಕಾಲಲ್ಲಿ ನಿಂತಳು. ನಿಂತು, ಎಂಥ ನಿಷ್ಠೆಯ ಮನುಷ್ಯ ಎಂದು ಅವನನ್ನು ಇನ್ನಷ್ಟು ಮೆಚ್ಚಿಕೊಂಡಳು. ಮನಸ್ಸು ಕೊಟ್ಟ ಹೆಣ್ಣಿಗೆ ಏನೆಲ್ಲ ಚೆಂದ ಕಾಣುತ್ತದೋ ದೇವರೇ ಬಲ್ಲ.

ಈಗ ನೋಡಿದರೆ ಕೆಂಪು ಕೋಟಿನವಳು ಅದೇ ಕುರ್ಚಿಯಿಂದ ಎದ್ದು ಅವನ ಜೊತೆ ಹೊರಗೆ ಹೋದಳು.

ಕಿಟಕಿಯಿಂದ ನೋಡಿದಳು. ನೋಡಬಾರದು ಎಂದುಕೊಂಡೇ ನೋಡಿದಳು. ಇಬ್ಬರೂ ಹುಲ್ಲಿನ ದಾರಿಯಲ್ಲಿ ಚರ್ಚಿನ ಕಡೆ ಹೋಗುತ್ತಿದ್ದರು. ಆಕೆ ಏನೋ ಹೇಳಿದಳು, ರೂಫಸ್ ತಲೆ ಹಿಂದಕ್ಕೆ ಹಾಕಿ ನಕ್ಕ. ಆರು ವರ್ಷದಲ್ಲಿ ಅವನು ಹಲ್ಲು ಬಿಟ್ಟು ನಕ್ಕಿದ್ದನ್ನು ಹೆಸ್ಟರ್ ಎರಡು ಸಲ ನೋಡಿದ್ದಳು. ಎರಡು ಸಲವೂ ಅವಳೇ ನಗಿಸಿದ್ದಳು.

ಅಷ್ಟರಲ್ಲಿ ಪ್ರವಾಸಿಯೊಬ್ಬ, ಗೋಡೆಯ ಚಿತ್ರದಲ್ಲಿರುವ ನೀಲಿ ಉಡುಪಿನ ಲೇಡಿ ಹೇಗೆ ತೀರಿಕೊಂಡರು ಎಂದು ಕೇಳಿದ. ಜ್ವರದಿಂದ ಎನ್ನಬೇಕಿತ್ತು. ಹೊಟ್ಟೆಕಿಚ್ಚಿನಿಂದ ಎಂದುಬಿಟ್ಟಳು. ಪಾಪ, ಆತ ಅದನ್ನೇ ಶ್ರದ್ಧೆಯಿಂದ ಬರೆದುಕೊಂಡ.

ಊಟದ ಹೊತ್ತಿಗೆ ಟಿಕೆಟ್ ಮೇಜಿನ ಡಾಫ್ನಿ ಮೇಲೆ ಬಂದಳು. ವಯಸ್ಸು ಎಪ್ಪತ್ತಾದರೂ ಊರಿನ ಸುದ್ದಿ ಮೊದಲು ಮುಟ್ಟುವುದು ಅವಳಿಗೇ. ಸ್ಯಾಂಡ್‌ವಿಚ್ ಬಿಚ್ಚುತ್ತಾ, ಕೆಂಪು ಕೋಟಿನವಳ ಹೆಸರು ಇಮೋಜೆನ್ ಅಂತೆ, ಬಾತ್ ನಗರದಿಂದ ಬಂದಿದ್ದಾಳಂತೆ, ಕಾರು ಚೆನ್ನಾಗಿದೆ ಎಂದು ವರದಿ ಒಪ್ಪಿಸಿದಳು. ಆಮೇಲೆ ಹೆಸ್ಟರ್‌ಳ ಮುಖ ನೋಡಿ ದನಿ ತಗ್ಗಿಸಿದಳು.

"ಚರ್ಚು ಆಯ್ತು ಕಣೇ. ಈಗ ಪಾರಿವಾಳದ ಗೋಪುರದ ಬೀಗ ತೆಗೆದು ಒಳಗೆ ಕರ್ಕೊಂಡು ಹೋಗಿದ್ದಾನೆ."

"ಅದನ್ನ ಯಾರಿಗೂ ತೆಗೆಯಲ್ವಲ್ಲ?"

"ಅದನ್ನೇ ನಾನೂ ಹೇಳ್ತಿರೋದು. ಆರು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತೆ ನೀನು. ಈಗ ಅನುಭವಿಸು."

ಕೂತೆ ಅಲ್ಲ, ನಿಂತೆ ಎಂದು ಹೆಸ್ಟರ್ ಮನಸ್ಸಿನಲ್ಲೇ ತಿದ್ದಿದಳು. ಹಿಂದಿನ ಕಾಲದಲ್ಲಿ ಪಾರಿವಾಳ ಸಾಕಲು ಕಟ್ಟಿದ್ದ ಆ ಗೋಪುರವನ್ನು ಒಳಗಿಂದ ನೋಡುವ ಆಸೆಯನ್ನು ಅವಳು ರೂಫಸ್‌ಗೆ ಎರಡು ಸಲ ಹೇಳಿದ್ದಳು. ಒಳಗೆ ಮುರಿದ ಸಾಮಾನು ತುಂಬಿದೆ ಎಂದು ಅವನು ಮಾತು ತೇಲಿಸಿದ್ದ.

ಅಕ್ಟೋಬರ್ ತಿಂಗಳ ಕೊನೆಯ ಶನಿವಾರ ಅದು. ಅಂದು ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದು ವಸಂತಕ್ಕೆ. ಮುಂದಿನ ವರ್ಷ ಯಾರು ಎಲ್ಲಿ ಎಂಬ ಪಟ್ಟಿ ಅಡುಗೆಮನೆಯ ಗೋಡೆಯಲ್ಲಿ ತೂಗುತ್ತಿತ್ತು, ಸಂಜೆಯೊಳಗೆ ಹೆಸರು ಬರೆಯಬೇಕು. ಹೆಸ್ಟರ್ ಕೆಳಗೆ ಹೋಗಿ, ಪಟ್ಟಿಯಲ್ಲಿ ಲೈಬ್ರರಿ ಎಂಬುದರ ಕೆಳಗಿದ್ದ ತನ್ನ ಹೆಸರನ್ನು ಹೊಡೆದುಹಾಕಿ, ಆ ಮನೆಗೇ ಸೇರಿದ, ಮೂರು ಮೈಲಿ ಆಚೆಯ ನೀರುಗಿರಣಿ ಎಂಬುದರ ಕೆಳಗೆ ಬರೆದಳು. ಪೆನ್ಸಿಲ್ ಮುರಿಯುವಷ್ಟು ಒತ್ತಿ ಬರೆದಳು. ಅಲ್ಲಿದ್ದರೆ ರೂಫಸ್ ಕಣ್ಣಿಗೆ ಬೀಳುವುದಿಲ್ಲ. ಆರು ವರ್ಷದ ಹುಚ್ಚು ಅಲ್ಲಿಗೆ ಮುಗಿಯಲಿ.

ತಿರುಗಿದರೆ ಬಾಗಿಲಲ್ಲಿ ಅವನೇ. ಕೂದಲಲ್ಲಿ ಪಾರಿವಾಳದ ಪುಕ್ಕ, ತೋಳಿಗೆಲ್ಲ ಧೂಳು. ಪಟ್ಟಿ ಓದಿದ. ಅವನ ಮುಖದ ನಗು ಮೆಲ್ಲಗೆ ಇಳಿದುಹೋಯಿತು.

"ಗಿರಣಿ ತುಂಬಾ ತೇವ. ನಿಮ್ಮ ಮಂಡಿಗೆ ಆಗಲ್ಲ, ಹೆಸ್ಟರ್."

"ನನ್ನ ಮಂಡಿ ನೆನಪಾಯ್ತಾ? ನಾಲ್ಕು ವರ್ಷ ಆಯ್ತು ನಾನು ಬಿದ್ದು."

ರೂಫಸ್ ಏನೋ ಹೇಳಲು ಹೋದ. ಹೊರಗಿನಿಂದ ಇಮೋಜೆನ್ ಅವನ ಹೆಸರು ಹಿಡಿದು ಕರೆದಳು, ಅದೂ ಬರೀ ರೂಫಸ್ ಎಂದು, ಹುಟ್ಟಿದಾರಭ್ಯ ಗೊತ್ತಿರುವವಳ ಹಾಗೆ. ಐದು ಗಂಟೆಗೆ ಪಬ್ಬಿಗೆ ಬನ್ನಿ, ದಯವಿಟ್ಟು, ಎಂದಷ್ಟೇ ಹೇಳಿ ಅವನು ಹೋದ.

ಹೋಗಬಾರದೆಂದು ಹೆಸ್ಟರ್ ನಾಲ್ಕು ಸಲ ನಿರ್ಧರಿಸಿದಳು. ಐದಕ್ಕೆ ಹೊಸ ಸ್ವೆಟರ್ ಹಾಕಿಕೊಂಡು ಹೋದಳು.

ಕೊನೆಯ ದಿನ ಎಲ್ಲರೂ ಪಬ್ಬಿನಲ್ಲಿ ಸೇರಿ ಸೈಡರ್ ಎಂಬ ಸೇಬಿನ ಮದ್ಯ ಕುಡಿದು ಪೈ ತಿನ್ನುವುದು ವಾಡಿಕೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಬೆಂಚುಗಳೆಲ್ಲ ತುಂಬಿ, ಏಳೆಂಟು ಜನ ತಟ್ಟೆ ಹಿಡಿದು ಗೋಡೆಗೆ ಒರಗಿದ್ದರು. ಬೆಂಕಿಗೂಡಿನ ಹತ್ತಿರ ರೂಫಸ್. ಅವನ ಪಕ್ಕದಲ್ಲಿ ಪಬ್ಬಿನ ಒಂದೇ ಒಂದು ಖಾಲಿ ಕುರ್ಚಿ.

ಅದರ ಮೇಲೆ ಪೈನ್ ಕಾಯಿ.

ಅಷ್ಟು ಜನರಲ್ಲಿ ಒಬ್ಬನೂ ಅದನ್ನು ಮುಟ್ಟಿರಲಿಲ್ಲ. ವರ್ಷವಿಡೀ ಬೇರೆಯವರನ್ನು ಏಳಿಸುವವರು, ತಾವು ಹೇಗೆ ಕೂತಾರು. ಕರ್ನಲ್ ಸಹ ಕೋಲೂರಿ ನಿಂತೇ ಪೈ ತಿನ್ನುತ್ತಿದ್ದರು.

ಹೆಸ್ಟರ್‌ಳ ಕಣ್ಣು ಕೆಂಪು ಕೋಟನ್ನು ಹುಡುಕಿತು. ಜಾಗ ಯಾರಿಗೆಂದು ಕೇಳಬೇಕೇ? ವಾಪಸು ಹೊರಟುಬಿಡೋಣ ಎನ್ನುವಷ್ಟರಲ್ಲಿ ಪಕ್ಕದಿಂದ ಯಾರೋ ಅವಳ ತೋಳು ಹಿಡಿದರು. ಇಮೋಜೆನ್.

"ನೀವೇ ಹೆಸ್ಟರ್ ಅಲ್ವಾ? ಮಂಡಿ ಹೇಗಿದೆ ಈಗ?"

ನನ್ನ ಮಂಡಿ ನಿಮಗೆ ಹೇಗೆ ಗೊತ್ತು ಎಂದು ಹೆಸ್ಟರ್ ಕೇಳಿದಳು.

"ಗೊತ್ತಿಲ್ಲದೆ ಏನು? ನಾಲ್ಕು ವರ್ಷದಲ್ಲಿ ಹನ್ನೊಂದು ಕಾಗದ ಬರೆದಿದ್ದಾರೆ ಈ ಮನುಷ್ಯ, ನಮ್ಮ ಆಫೀಸಿಗೆ. ಲೈಬ್ರರಿಯಲ್ಲಿ ಹೆಸ್ಟರ್‌ಗೆ ಒಂದು ಕುರ್ಚಿ ಬೇಕು ಅಂತ. ಓದಿ ಓದಿ ನಂಗೇ ಮಂಡಿ ನೋವು ಬಂತು."

ಮಾರ್‌ಕೂಮ್ ಹೌಸನ್ನು ನೋಡಿಕೊಳ್ಳುವ ಆಫೀಸಿನಲ್ಲಿ ಇಮೋಜೆನ್ ಹಳೆಯ ಪೀಠೋಪಕರಣಗಳ ತಜ್ಞೆ. ಹೊಸ ಕುರ್ಚಿ ಆ ಕೋಣೆಗೆ ಒಪ್ಪುವುದಿಲ್ಲವೆಂದು ಆಫೀಸು ಪ್ರತಿಸಲವೂ ಬೇಡ ಎಂದಿತ್ತು. ಹಾಗಾದರೆ ಇರುವ ಕುರ್ಚಿಗಳನ್ನೇ ಬಂದು ನೋಡಿ, ಕೂರಬಹುದಾದದ್ದು ಒಂದಾದರೂ ಇದ್ದೀತು ಎಂದು ರೂಫಸ್ ಹನ್ನೊಂದನೆಯದನ್ನು ಬರೆದಿದ್ದ. ಬೆಳಿಗ್ಗೆ ಹೆಸ್ಟರ್ ಬರುವ ಮೊದಲೇ ಹಸಿರು ಕುರ್ಚಿಯನ್ನು ಮಗುಚಿದರೆ, ಒಳಗೆಲ್ಲ ಈಚಿನ ಕಾಲದ ಸ್ಕ್ರೂ. ಅದೇ ಮಾದರಿಯ ಅಸಲಿ ಕುರ್ಚಿ ಚರ್ಚಿನಲ್ಲಿತ್ತು, ಮುರಿದವು ಪಾರಿವಾಳದ ಗೋಪುರದಲ್ಲಿ. ಎಲ್ಲವನ್ನೂ ಹೋಲಿಸಿ ನೋಡಿದ ಮೇಲೆ ಅನುಮಾನವೇ ಉಳಿಯಲಿಲ್ಲ. ಲೈಬ್ರರಿಯದ್ದು ಈ ಊರಿನದೇ ಬಡಗಿಯೊಬ್ಬ ಎಪ್ಪತ್ತು ವರ್ಷದ ಹಿಂದೆ ಮಾಡಿದ ನಕಲು. ಯಾರು ಬೇಕಾದರೂ ಕೂರಬಹುದು.

ಅದನ್ನು ಕೇಳಿಸಿಕೊಂಡ ಕರ್ನಲ್ ನಕ್ಕ ನಗೆಗೆ ಸೈಡರ್ ಚೆಲ್ಲಿತು. ಹೆಸ್ಟರ್ ನಗಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಬೆಂಕಿಗೂಡಿನ ಹತ್ತಿರ ಹೋಗಿ ನಿಂತಳು.

"ಅಂದ್ರೆ ಆರು ವರ್ಷ ನನ್ನ ನಿಲ್ಲಿಸಿದ್ದು ಒಂದು ನಕಲಿ ಕುರ್ಚಿಗೋಸ್ಕರ."

"ಹೌದು. ಹೇಗೆ ಕ್ಷಮೆ ಕೇಳ್ಬೇಕು ಅಂತ ಗೊತ್ತಾಗ್ಲಿಲ್ಲ," ಎಂದ ರೂಫಸ್. ಕಿವಿ ಮತ್ತೆ ಕೆಂಪಾಗಿತ್ತು. "ಅದಕ್ಕೆ ನಿಮ್ಮ ಜಾಗ ಹಿಡಿಯೋಕೆ ಈ ಕಾಯಿ ಇಟ್ಟೆ."

"ಮತ್ತೆ ಬೆಳಿಗ್ಗೆ ಮೊದಲು ಅವಳನ್ನ ಕೂರ್ಸಿದ್ದು?"

"ಮುರಿದು ಬೀಳುತ್ತೋ ಏನೋ ಅಂತ ನೋಡ್ಬೇಕಿತ್ತಲ್ಲ. ನೀವು ಬಿದ್ದಿದ್ರೆ ನಂಗೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ."

"ನಾನು ಬಿದ್ರೆ ಪರವಾಗಿಲ್ಲ ಅನ್ನಿ," ಎಂದಳು ಹಿಂದಿನಿಂದ ಇಮೋಜೆನ್.

ಹೆಸ್ಟರ್‌ಳ ತುಟಿಯಂಚು ಅಲುಗಿತು. ಕಾಯಿಯನ್ನು ಎತ್ತಿಕೊಂಡಳು. ಅವನ ಜೇಬಿನ ಬಿಸಿ ಅದರಲ್ಲಿ ಇನ್ನೂ ಇದ್ದಂತೆ ಅನ್ನಿಸಿತು.

"ನಿಯಮ ಎಲ್ಲರಿಗೂ ಒಂದೇ ಅಂತಿದ್ರಿ."

"ನಿಮ್ಮನ್ನ ಬಿಟ್ಟು." ಪಬ್ಬು ಸದ್ದಿಲ್ಲದೆ ಕಿವಿಯಾಗಿದ್ದುದು ಅವನಿಗೆ ತಿಳಿಯಿತೋ ಇಲ್ಲವೋ, ರೂಫಸ್ ನಿಲ್ಲಿಸಲಿಲ್ಲ. "ನಂಗೆ ನಿಮ್ಮ ಮೇಲೆ ಪ್ರೀತಿ ಇದೆ, ಹೆಸ್ಟರ್. ಮೊದಲನೇ ಕಾಗದಕ್ಕೂ ಮುಂಚಿನಿಂದ. ಗಿರಣಿಗೆ ಹೋಗ್ಬೇಡಿ."

ಹೆಸ್ಟರ್‌ಳ ಕಣ್ಣು ತುಂಬಿ ಬಂತು. ಕುರ್ಚಿಯನ್ನು ಅವನ ಕಡೆ ಇನ್ನೊಂದಿಷ್ಟು ಎಳೆದುಕೊಂಡು, ಆರು ವರ್ಷದ ಮೇಲೆ ಕೂತಳು. ಗೋಡೆಯ ಹತ್ತಿರ ಡಾಫ್ನಿ, ಪಟ್ಟಿ ತಿದ್ದೋಕೆ ರಬ್ಬರ್ ಯಾರ ಹತ್ರ ಇದೆ ಎಂದು ಕೇಳುತ್ತಿದ್ದಳು.

ರೂಫಸ್ ಅವಳಿಗೆ ಪೈ ತರಲೆಂದು ಎದ್ದುಹೋದ. ಅದೇ ಹೊತ್ತಿಗೆ ಇಮೋಜೆನ್ ತಟ್ಟೆ ಹಿಡಿದು ಜಾಗ ಹುಡುಕುತ್ತಾ ಇತ್ತಲೇ ಬಂದಳು. ಒಳ್ಳೆಯ ಹೆಂಗಸು, ತಮಾಷೆಯವಳು, ಉಪಕಾರ ಮಾಡಿದವಳು. ಹೆಸ್ಟರ್ ಅದನ್ನೆಲ್ಲ ಮನಸ್ಸಾರೆ ಒಪ್ಪಿದಳು. ಒಪ್ಪಿಕೊಳ್ಳುತ್ತಲೇ ಕೈ ಚಾಚಿ, ರೂಫಸ್ ಎದ್ದುಹೋದ ಕುರ್ಚಿಯ ನಟ್ಟನಡುವೆ ಪೈನ್ ಕಾಯಿಯನ್ನು ಇಟ್ಟಳು.