ಹಸಿರು ಕೋಟು ಕಳಚಿದ ಮೇಲೆ

"ನೀವು ಫಾರಂ ಬದಲಾಯಿಸಿಬಿಟ್ಟಿದ್ದೀರಿ."

ಅವಳು ತಲೆಯೆತ್ತಿದಳು. ಬಾಗಿಲಲ್ಲಿ ಎದುರು ಸಾಲಿನ ಕನ್ನಡಕದ ಅಂಗಡಿಯವನು ನಿಂತಿದ್ದ. ಕೈಯಲ್ಲಿ ಇನ್ನೂ ಹೊಲಿಯದ ಪುಸ್ತಕದ ಒಂದು ಫಾರಂ, ಹದಿನಾರು ಪುಟದ ಮಡಿಕೆ, ಮುಖದಲ್ಲಿ ಅಳಬೇಕೋ ನಗಬೇಕೋ ಗೊತ್ತಾಗದವನ ಕಳೆ.

ಹಲ್ಲಲ್ಲಿ ಕಚ್ಚಿದ್ದ ದಾರವನ್ನು ಬಿಟ್ಟು ಕೇಳಿದಳು. "ಏನು ಬದಲಾಯಿಸಿದೆ?"

"ಪತ್ತೇದಾರಿಯೊಳಗೆ ಯಾವುದೋ ಪ್ರೇಮ ಕಥೆ ಸೇರಿಸಿದ್ದೀರಿ. ಮೇಜಿನ ತುಂಬ ಪುಸ್ತಕ ಬಿಚ್ಚಿಟ್ಕೊಂಡಿರ್ತೀರಿ. ಕೈ ತಪ್ಪಿರುತ್ತೆ, ಪರವಾಗಿಲ್ಲ. ಸರಿಯಾದ ಮೂರನೇ ಫಾರಂ ಕೊಟ್ಬಿಡಿ."

"ಕೈ ತಪ್ಪೋದಾ? ನನ್ನದಾ?"

ಅವಳಿಗೆ ಮೈಯೆಲ್ಲ ಉರಿಯಿತು. ಅಪ್ಪನಿಂದ ಕಲಿತ ಕಸುಬು. ಮುಂದಿನ ಕೋಣೆಯಲ್ಲಿ ಅಕ್ಕ ಪುಸ್ತಕ ಬಾಡಿಗೆಗೆ ಕೊಡುವ ಲೈಬ್ರರಿ ನಡೆಸುತ್ತಿದ್ದಳು, ಹಿಂದಿನ ಕೋಣೆಯಲ್ಲಿ ಇವಳು ಬೈಂಡಿಂಗ್. ಹೊಸ ಪುಸ್ತಕ ಬಂದರೆ ಮೊದಲು ಇವಳ ಮೇಜಿಗೆ. ತೆಳು ಹೊದಿಕೆ ಕಿತ್ತು, ಹೊಲಿಗೆ ಬಿಚ್ಚಿ, ಫಾರಂ ಫಾರಂ ಬೇರೆ ಮಾಡಿ, ಗಟ್ಟಿ ದಾರದಲ್ಲಿ ಮತ್ತೆ ಹೊಲಿದು, ರಟ್ಟು ಕಟ್ಟಬೇಕು. ಇಲ್ಲದಿದ್ದರೆ ಓದುಗರ ಕೈಗೆ ಸಿಕ್ಕ ಪುಸ್ತಕ ತಿಂಗಳು ಬಾಳುವುದಿಲ್ಲ.

ಹಾಗೆ ಬಿಚ್ಚಿದ್ದಾಗಲೇ ಅವಳು ಓದಿಬಿಡುವಳು. ಓದಿದ ಫಾರಂ ರಸ್ತೆ ದಾಟಿ ಅವನ ಅಂಗಡಿಗೆ ಹೋಗುವುದು. ಅವನು ಓದಿ ಹಿಂದಿರುಗಿಸುವಾಗ ಮುಂದಿನದು ಸಿದ್ಧವಾಗಿರುವುದು. ಇದು ಹೇಗೆ ಶುರುವಾಯಿತೆಂದು ಇಬ್ಬರಿಗೂ ನೆನಪಿಲ್ಲ. 'ಹಸಿರು ಕೋಟು' ಸರಣಿಗೆ ಮಾತ್ರ ಈ ಏರ್ಪಾಡು. ಆ ಹೆಸರಿನ ಪತ್ತೇದಾರ ಊರೂರು ಸುತ್ತುವ ಒಂಟಿ ಮನುಷ್ಯ. ಕೊಲೆಗಾರ ಸಿಗುವ ತನಕ ಯಾರ ಮನೆಯಲ್ಲೂ ಕೂರುವವನಲ್ಲ, ಮೈಮೇಲಿನ ಕೋಟು ತೆಗೆಯುವವನಲ್ಲ. ಅದೇ ಅವನ ಗತ್ತು.

"ಪುಟದ ನಂಬರ್ ನೋಡಿ," ಎಂದಳು. "ಎರಡನೇ ಫಾರಂ ಎಲ್ಲಿ ನಿಂತಿತೋ ಅಲ್ಲಿಂದಲೇ ಇದು. ಹೆಸರುಗಳೂ ಅವೇ."

ಅವನು ನೋಡಿದ. ಮತ್ತೊಮ್ಮೆ ನೋಡಿದ. ಮುಖ ಸಪ್ಪಗಾಯಿತು.

"ಹಸಿರು ಕೋಟು ಕೋಟು ಬಿಚ್ಚಿದಾನೆ ರೀ!"

"ಸೆಕೆ ಇರಬೇಕು."

"ತಮಾಷೆ ಬೇಡ. ಗಡಿಯಾರ ರಿಪೇರಿ ಮಾಡೋ ಆ ಹೆಂಗಸಿನ ಮನೆ ಮೊಳೆಗೆ ನೇತುಹಾಕಿದಾನೆ. ಆಮೇಲೆ ಎರಡು ಪುಟ ಅವಳ ಕೈ ನೋಡ್ತಾ ಕೂತಿದಾನೆ. ಕೈಯಲ್ಲಿ ಏನೋ ಸುಳಿವಿದೆ ಅಂತ ನಾನೂ ಕಣ್ಣಲ್ಲಿ ಕಣ್ಣಿಟ್ಟು ಓದಿದೆ. ಏನೂ ಇಲ್ಲ. ಸುಮ್ನೆ ಕೈ!"

ಅವಳಿಗೆ ನಗು ಒತ್ತಿಕೊಂಡು ಬಂತು. ತಡೆದಳು. ಆ ಎರಡು ಪುಟಗಳನ್ನು ಅವಳು ಬೆಳಿಗ್ಗೆಯೇ ಓದಿದ್ದಳು. ಮುಗಿಸಿ, ಇನ್ನೊಮ್ಮೆ ಓದಿದ್ದಳು. ಅವನಿಗೆ ಕಳಿಸುವಾಗ ತನ್ನ ಗುಟ್ಟನ್ನೇ ಮಡಿಚಿ ಕೊಟ್ಟಂತೆ ಅನಿಸಿತ್ತು. ಆ ಮನುಷ್ಯ ಸುಳಿವು ಹುಡುಕಿದನಂತೆ!

"ನಾಲ್ಕನೆಯದು ತಗೊಳ್ಳಿ," ಎಂದು ನೀಡಿದಳು.

"ಬೇಡ."

"ಕೊಲೆಗಾರ ಯಾರು ಅಂತ ಬೇಡ್ವಾ?"

"ಅವನಿಗೇ ಬೇಡವಾದ್ಮೇಲೆ ನನಗ್ಯಾಕೆ?"

ಮೂರನೇ ಫಾರಂ ಅನ್ನು ಮೇಜಿನ ಅಂಚಿನಲ್ಲಿ ಮೆಲ್ಲಗೆ ಇಟ್ಟ. ಸಿಟ್ಟಿನಲ್ಲೂ ಹಾಳೆಯ ಮೂಲೆ ಮಡಚಿಕೊಳ್ಳದಂತೆ ನೋಡಿಕೊಂಡ. ಅದರಿಂದಲೇ ಅವಳಿಗೆ ಇನ್ನಷ್ಟು ಸಂಕಟವಾಯಿತು. ರಸ್ತೆ ದಾಟಿ ಹೋಗುವವನ ಬೆನ್ನು ನೋಡುತ್ತ, ಅವಳು ಸೂಜಿಯನ್ನು ಎಲ್ಲಿಟ್ಟೆನೆಂದು ಹುಡುಕಿದಳು. ಅದು ಕೈಯಲ್ಲೇ ಇತ್ತು.

ಮುಂದಿನ ಕೋಣೆಯಲ್ಲೂ ಅದೇ ಗಲಾಟೆ. ಬೇರೆ ಕಡೆ ಪುಸ್ತಕ ಕೊಂಡು ಓದಿದ್ದ ನಿವೃತ್ತ ಮೇಷ್ಟ್ರು ಅಕ್ಕನ ಮೇಜು ಗುದ್ದುತ್ತಿದ್ದರು.

"ಹೆಣ ಬಿದ್ದಿದೆ ಅಂತ ಶುರು ಮಾಡಿ ಹೂವು ಅರಳ್ತು ಅಂತ ಮುಗಿಸಿದ್ರೆ ಏನಮ್ಮಾ ಅರ್ಥ? ಇಷ್ಟು ವರ್ಷ ಇವನ ಹಿಂದೆ ಅಲೆದಿದ್ದೀನಿ. ನನ್ನ ಹೆಂಡತಿ ಹಿಂದೆ ಹಾಗೆ ಅಲೆದಿರಲಿಲ್ಲ!"

"ಅದನ್ನ ಅವರ ಮುಂದೆ ಹೇಳಿ ಮೇಷ್ಟ್ರೇ," ಎಂದಳು ಅಕ್ಕ. "ಹೋಗ್ಲಿ ಬಿಡಿ, ಇನ್ನು ಈ ಸರಣಿ ನಾನು ತರಿಸೋದೇ ಇಲ್ಲ. ಪುಟ್ಟೀ, ಕೇಳಿಸ್ತಾ? ಅದಕ್ಕೆ ಬೇಗ ಒಂದು ರಟ್ಟು ಬಡಿದು ಕೊಟ್ಬಿಡು. ಇದೇ ಕೊನೇದು."

ನಲವತ್ತು ಹತ್ತಿರವಾದರೂ ಅಕ್ಕನಿಗೆ ಅವಳು ಪುಟ್ಟಿಯೇ. ಪುಟ್ಟಿಗೆ ಕೇಳಿಸಿತ್ತು. ಕೇಳಿಸಿದ ಮೇಲೆ ಗೋಂದಿನ ಬಟ್ಟಲಿನ ಮುಂದೆ ಸುಮ್ಮನೆ ಕೂತಳು.

ಎಂತಹ ಮೋಸ! ಇಷ್ಟು ವರ್ಷ ಅವನು ಆ ಬಾಗಿಲಿಗೆ ಬಂದದ್ದು ಹಸಿರು ಕೋಟಿನವನ ಕೈ ಹಿಡಿದು. ಬೇರೆ ಮಾತು ಎಂದೂ ಆಡಿದ್ದಿಲ್ಲ. ವಿಷ ಕಾಫಿಯಲ್ಲಿತ್ತೋ ಲೋಟದ ಅಂಚಿನಲ್ಲಿತ್ತೋ, ತೋಟಗಾರ ಸುಳ್ಳು ಹೇಳಿದನೋ ಇಲ್ಲವೋ. ಬೇರೆಯವರು ಕೇಳಿದ್ದರೆ ಹೆದರಿ ಓಡಬೇಕು, ಅಂಥ ಮಾತುಗಳು. ಆದರೆ ಕೊಲೆಯ ಮಾತಿನ ನಡುವೆ ಅವನೊಮ್ಮೆ ತಲೆಯೆತ್ತಿ ನೋಡುವನಲ್ಲ, ಆ ನೋಟಕ್ಕಾಗಿ ಅವಳು ಎಷ್ಟು ಹೆಣಗಳನ್ನು ದಾಟಿ ಬಂದಿದ್ದಳು! ಇನ್ನು ಹೊಸ ಪುಸ್ತಕವಿಲ್ಲವೆಂದರೆ ಅವನು ಬರುವುದೂ ಇಲ್ಲ.

ನಿಜವಾಗಿಯೂ ಬರಲಿಲ್ಲ. ಬೆಳಿಗ್ಗೆ ಎದುರಿನ ಷಟರ್ ಏಳುವ ಸದ್ದು, ಸಂಜೆ ಇಳಿಯುವ ಸದ್ದು. ನಡುವೆ ಅವನು ಗಾಜಿನ ಹಿಂದೆ ಬಗ್ಗಿ ಯಾರದೋ ಕನ್ನಡಕದ ಸ್ಕ್ರೂ ಬಿಗಿಯುತ್ತಿರುವುದು ಕಾಣುತ್ತಿತ್ತು. ದೂರದ್ದು ಅವಳಿಗೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಹತ್ತಿರದ್ದೇ ಈಚೆಗೆ ಕೈ ಕೊಡುತ್ತಿತ್ತು.

"ಸೂಜಿಗೆ ದಾರ ಪೋಣಿಸ್ತಿದ್ದೀಯೋ, ಸೂಜಿಗೆ ಕಥೆ ಹೇಳ್ತಿದ್ದೀಯೋ?" ಎಂದು ಅಕ್ಕ ಬಾಗಿಲಿಗೆ ಬಂದು ನಿಂತಳು. "ಎದುರಿಗೇ ಕನ್ನಡಕದ ಅಂಗಡಿ ಇಟ್ಕೊಂಡು ಕಣ್ಣು ಕಳ್ಕೋಬೇಡ. ಹೋಗಿ ತೋರಿಸ್ಕೊಂಡು ಬಾ. ಈಗಲೇ."

"ಕೆಲಸ ಇದೆ ಅಕ್ಕ."

"ನಿನ್ನ ಕೆಲಸ ನಾಲ್ಕು ದಿನದಿಂದ ನೋಡ್ತಾ ಇದ್ದೀನಿ. ಕಿಟಕಿ ಕಾಯೋದು. ಎದ್ದೇಳು."

ಎದ್ದಳು. ಎದ್ದವಳು ಉಳಿದ ಫಾರಂಗಳ ಕಟ್ಟನ್ನು ಎದೆಗವಚಿಕೊಂಡು ಹೊರಟಳು. ಅದರಲ್ಲಿ ಕೊನೆಯದೊಂದನ್ನು ಮಾತ್ರ ಇನ್ನೂ ಓದಿರಲಿಲ್ಲ. ಅದನ್ನು ಒಬ್ಬಳೇ ಓದಲು ಮನಸ್ಸು ಬಂದಿರಲಿಲ್ಲ.

ಅವನ ಅಂಗಡಿ ಎಂದರೆ ಕನ್ನಡಿಗಳ ಗೂಡು. ಗೋಡೆಗೆ ಉದ್ದ ಕನ್ನಡಿ, ಮೇಜಿಗೆ ಪುಟ್ಟ ಕನ್ನಡಿ, ಸಾಲು ಸಾಲು ಫ್ರೇಮು. ಸಂಜೆಯ ಬಿಸಿಲು ಒಳಗೆ ಬಂದರೆ ಹೊರಗೆ ಹೋಗುವ ದಾರಿ ತಿಳಿಯದೆ ಗಾಜಿನಿಂದ ಗಾಜಿಗೆ ಅಲೆಯುತ್ತಿತ್ತು. ಅವಳನ್ನು ಕಂಡು ಅವನು ದಡಬಡಿಸಿ ಎದ್ದ. ಒಂದೇ ಸಲಕ್ಕೆ ಏಳೆಂಟು ಕನ್ನಡಿಗಳಲ್ಲಿ ಏಳೆಂಟು ಜನ ಎದ್ದಂತಾಯಿತು.

"ಪುಸ್ತಕದ ವಿಷಯ ಆದ್ರೆ..."

"ಕಣ್ಣಿನ ವಿಷಯ," ಎಂದಳು ಗಟ್ಟಿಯಾಗಿ. "ಸೂಜಿಯ ತೂತು ಕಾಣ್ತಿಲ್ಲ."

ಅವನ ದನಿ ಮೆತ್ತಗಾಯಿತು. "ಕೂತ್ಕೊಳ್ಳಿ."

ಗಾಜು ಬದಲಾಯಿಸಿ ನೋಡುವ ಭಾರದ ಗುಂಡು ಫ್ರೇಮನ್ನು ಅವಳ ಮೂಗಿನ ಮೇಲೆ ಕೂರಿಸಿದ. ಕಿವಿಯ ಹಿಂದೆ ಕಡ್ಡಿ ಸರಿಪಡಿಸುವಾಗ ಅವನ ಬೆರಳು ಕೂದಲಿಗೆ ತಾಗಿತು. ಕಸುಬಿನ ಬೆರಳು, ದಿನಕ್ಕೆ ಎಷ್ಟೋ ಕಿವಿಗಳಿಗೆ ತಾಗುವಂಥದ್ದು. ಇವತ್ತು ಮಾತ್ರ ಅದು ಒಂದು ಕ್ಷಣ ತಡವರಿಸಿತು.

"ಇದು ಚೆನ್ನಾಗಿದೆಯಾ? ಇಲ್ಲ, ಇದಾ?"

"ಮೊದಲನೇದು ಇನ್ನೊಂದ್ಸಲ."

"ಇದು?"

"ಎರಡನೇದು ಇನ್ನೊಂದ್ಸಲ."

"ಹೀಗೇ ಮಾಡಿದ್ರೆ ನಾಳೆಯವರೆಗೂ ಮುಗಿಯಲ್ಲ."

"ನಿಮಗೇನು ಅವಸರ?"

ಅವನು ಓದಲು ಅಕ್ಷರದ ಕಾರ್ಡ್ ಹಿಡಿದ. ಅವಳು ಅದನ್ನು ಪಕ್ಕಕ್ಕೆ ಸರಿಸಿದಳು. "ನನ್ನ ಹತ್ತಿರ ನನ್ನದೇ ಇದೆ." ತೊಡೆಯ ಮೇಲಿನ ಕಟ್ಟಿನಿಂದ ಐದನೇ ಫಾರಂ ಎಳೆದು ಬಿಡಿಸಿದಳು.

"ಅದು ಬೇಡ ಅಂದೆನಲ್ಲ."

"ನಿಮಗಲ್ಲ, ನನ್ನ ಕಣ್ಣಿಗೆ. ಗಾಜು ಹಾಕಿ."

ಬೇರೆ ದಾರಿಯಿಲ್ಲದೆ ಹಾಕಿದ. ಅವಳು ಓದತೊಡಗಿದಳು.

"'ಮಳೆ ನಿಂತಿತ್ತು. ಅವನು ಎದ್ದು ಕೋಟಿಗೆ ಕೈ ಹಾಕಿದ. ಅವಳು ತಡೆಯಲಿಲ್ಲ. ಬಿಚ್ಚಿದ್ದ ಗಡಿಯಾರದ ಮೇಲೆ ಬಗ್ಗಿದ್ದವಳು ತಲೆಯೆತ್ತದೆ ಹೇಳಿದಳು, ನೀವು ಎಲ್ಲರ ಮನೆಯಲ್ಲೂ ಸತ್ತವರ ಬಗ್ಗೆ ಕೇಳುತ್ತೀರಿ, ಬದುಕಿರುವವರು ಹೇಗಿದ್ದೀರಿ ಎಂದು ಒಮ್ಮೆಯೂ ಕೇಳುವುದಿಲ್ಲ. ಅವನ ಕೈ ಕೋಟಿನ ಮೇಲೇ ನಿಂತಿತು...'"

ಪುಟ ಮುಗಿಯಿತು. ಗಾಜು ಬದಲಾಯಿಸಬೇಕಾದವನು ಬದಲಾಯಿಸಲಿಲ್ಲ. ಹೊರಗೆ ಸೈಕಲ್ಲೊಂದು ಬೆಲ್ ಬಾರಿಸಿಕೊಂಡು ಹೋಯಿತು.

"ಚೆನ್ನಾಗಿ ಬರೆದಿದಾನೆ, ಅದೇ ನನಗೆ ಸಿಟ್ಟು," ಎಂದ ಅವನು ಕೊನೆಗೆ. "ಕೆಟ್ಟದಾಗಿ ಬರೆದಿದ್ರೆ ಬೈದು ಸುಮ್ಮನಾಗ್ತಿದ್ದೆ."

"ಮತ್ತೆ ಯಾಕೆ ಅಷ್ಟು ಮುನಿಸು?"

ಅವನು ಗಾಜಿನ ಪೆಟ್ಟಿಗೆ ಜೋಡಿಸುವವನಂತೆ ಬಗ್ಗಿದ. ಮಾತಾಡಿದ್ದು ಪೆಟ್ಟಿಗೆಯ ಜೊತೆಗೇ.

"ಮಗಳ ಅಮ್ಮ ತೀರಿಹೋದಾಗ ಮಗಳಿಗೆ ಜಡೆ ಹಾಕೋಕೂ ಬರ್ತಿರಲಿಲ್ಲ ನನಗೆ. ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಅಡುಗೆ, ಅಂಗಡಿ, ಶಾಲೆ, ಜ್ವರ... ಎಲ್ಲ ಮುಗಿಸಿ ಈ ಮನುಷ್ಯನ ಪುಸ್ತಕ ತೆಗೀತಿದ್ದೆ. ಒಬ್ಬನೇ ಇದಾನೆ, ಆದ್ರೂ ನೆಟ್ಟಗಿದಾನೆ. ಯಾರ ಮನೆಯಲ್ಲೂ ಕೂರಲ್ಲ. ಕೂರದೆ ಇದ್ರೂ ನಡೆಯುತ್ತೆ ಅಂತ ಒಂದು ಧೈರ್ಯ. ಈಗ ಅವನೇ ಕೂತ್ಬಿಟ್ಟ."

"ಕೂತ್ರೆ ಏನಾಯ್ತು?"

"ಹಾಗಾದ್ರೆ ನಾನ್ಯಾಕೆ ಇನ್ನೂ ನಿಂತಿದ್ದೀನಿ ಅಂತ ಕೇಳ್ಕೋಬೇಕಾಗುತ್ತಲ್ಲ."

ಮೂಗಿನ ಮೇಲಿನ ಆ ಭಾರದ ಫ್ರೇಮಿನಲ್ಲಿ ತಾನು ಗೂಬೆಯಂತೆ ಕಾಣುತ್ತಿರಬೇಕು ಎಂದುಕೊಂಡಳು. ಅಂಥ ಹೊತ್ತಿನಲ್ಲೇ ಇಂಥ ಮಾತು ಬರಬೇಕೇ? ಬರಲಿ. ಇನ್ನು ಮುಂದೂಡಿದರೆ ಅವಳಿಗೂ ಅವನಿಗೂ ನಡುವೆ ಉಳಿಯುವುದು ಒಂದು ರಸ್ತೆ ಮಾತ್ರ.

"ಆ ಎರಡು ಪುಟ ಇದೆಯಲ್ಲ, ನೀವು ಸುಳಿವು ಹುಡುಕಿದ್ದು," ಎಂದಳು. "ನಾನು ಎರಡು ಸಲ ಓದಿದೆ. ನೀವೂ ಓದಿ ಬಂದು ಒಂದು ಮಾತು ಹೇಳ್ತೀರಿ ಅಂತ ಕಾದೆ. ಬಂದ್ರಿ. ಬಂದು ಫಾರಂ ತಪ್ಪಾಗಿದೆ ಅಂದ್ರಿ."

ಅವನು ತಲೆಯೆತ್ತಿದ.

"ಅಕ್ಕ ಇನ್ನು ಈ ಸರಣಿ ತರಿಸೋದಿಲ್ಲ," ಅವಳು ನಿಲ್ಲಿಸಲಿಲ್ಲ. "ನನಗೆ ಕೊಲೆಗಾರ ಯಾರಾದ್ರೇನು? ನೀವು ಬರೋದು ನಿಂತುಹೋಗುತ್ತಲ್ಲ ಅಂತ ನಾಲ್ಕು ದಿನದಿಂದ ಒಂದು ಹೊಲಿಗೆ ನೆಟ್ಟಗೆ ಬಿದ್ದಿಲ್ಲ. ಸಾಕಾ? ಈಗ ಗಾಜು ಬದಲಾಯಿಸಿ."

ಅವನು ಬದಲಾಯಿಸಿದ. ಮಸುಕಾಗಿದ್ದ ಅವನ ಮುಖ ಅಂಗೈಯಗಲದ ದೂರದಲ್ಲಿ ಥಟ್ಟನೆ ತಿಳಿಯಾಯಿತು. ಗಲ್ಲದ ಕೆಳಗೆ ರೇಜರಿಗೆ ತಪ್ಪಿಸಿಕೊಂಡ ನಾಲ್ಕು ನರೆಗೂದಲು. ಮೂಗಿನ ಮೇಲೆ ಕನ್ನಡಕ ಕೂತು ಕೂತು ಬಿದ್ದ ಎರಡು ಗುಳಿ. ರಸ್ತೆಯಾಚೆಯಿಂದ ಇಷ್ಟು ವರ್ಷ ನೋಡಿಯೂ ಅವಳಿಗೆ ಕಾಣದೆ ಉಳಿದಿದ್ದ ಸುಸ್ತು, ಆ ಸುಸ್ತಿನ ಹಿಂದೆ ಮೆಲ್ಲಗೆ ಮೇಲೇಳುತ್ತಿದ್ದ ನಗು.

"ಹೇಗಿದೆ?" ಪಿಸುಗುಟ್ಟಿದ.

"ಇದೇ ಇರಲಿ."

"ಗಾಜಾ?"

"ಗಾಜೂ."

ಆಗಲೇ ರಸ್ತೆಯಾಚೆಯಿಂದ ಅಕ್ಕನ ದನಿ ಕೇಳಿಸಿತು. "ಏನೇ ಪುಟ್ಟೀ, ಕಣ್ಣು ಪರೀಕ್ಷೆ ಮಾಡಿಸ್ತಿದ್ದೀಯೋ, ಹೊಸ ಕಣ್ಣು ಮಾಡಿಸ್ತಿದ್ದೀಯೋ?"

ಅವಳು ಏಳಹೋದಳು. ಅವನು ಕೈಸನ್ನೆಯಲ್ಲೇ ತಡೆದು, ಬಾಗಿಲಿಗೆ ಹೋಗಿ ನಿಂತ. "ಅಕ್ಕಾ, ಇನ್ನೂ ಹೊತ್ತಾಗುತ್ತೆ. ನೀವು ಲೈಬ್ರರಿ ಮುಚ್ಚಿ ಬನ್ನಿ, ಮಗಳೂ ಶಾಲೆಯಿಂದ ಬರ್ತಾಳೆ. ಎಲ್ಲರೂ ಚಹಾ ಕುಡಿಯೋಣ."

ಇಷ್ಟು ವರ್ಷ ಮೇಡಂ ಎಂದವನ ಬಾಯಲ್ಲಿ ಅಕ್ಕ ಎಂದು ಕೇಳಿ ಅವಳು ಹುಬ್ಬೇರಿಸಿದಳು. ಆಮೇಲೆ, "ಸಕ್ಕರೆ ಕಡಿಮೆ ಹಾಕಿ!" ಎಂದು ಕೂಗಿ ಒಳಗೆ ಹೋದಳು.

ಅವನು ಮರಳಿ ಬಂದ. ಇನ್ನೊಂದು ಕುರ್ಚಿ ಎಳೆದು ಅವಳ ಪಕ್ಕಕ್ಕೆ ಹಾಕಿ ಕೂತ.

"ಪುಸ್ತಕ ದಾರಿ ತಪ್ಪಿದೆ ಅನ್ನೋ ಮಾತು ಮಾತ್ರ ನಾನು ವಾಪಸ್ ತಗೊಳ್ಳಲ್ಲ," ಎಂದ.

"ತಗೋಬೇಡಿ. ಜಗಳಕ್ಕೆ ಏನಾದ್ರೂ ಇರಬೇಕಲ್ಲ."

"ಕೊಲೆಗಾರ ಯಾರು ಕೊನೆಗೆ?"

"ಗೊತ್ತಿಲ್ಲ. ಕೊನೇ ಫಾರಂ ನಾನೂ ಓದಿಲ್ಲ."

"ನೀವೇ ಅಲ್ವಾ ಯಾವಾಗಲೂ ಮೊದಲು ಓದೋದು?"

"ಈ ಸಲ ಆಗಲಿಲ್ಲ."

ಕಟ್ಟಿನಿಂದ ಆ ಕೊನೆಯ ಮಡಿಕೆಯನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಒಂದೇ ಹಾಳೆಯನ್ನು ಒಂದೇ ಹೊತ್ತಿಗೆ ಓದುವುದು ಇಬ್ಬರಿಗೂ ಹೊಸದು. ಮೊದಮೊದಲು ತಾಳ ತಪ್ಪಿತು. ಅವನು ಪುಟದ ಕೊನೆಗೆ ಬಂದಾಗ ಅವಳಿನ್ನೂ ಮಧ್ಯದಲ್ಲಿರುತ್ತಿದ್ದಳು. ಅವನು ಹಾಳೆಯ ಮೂಲೆಯನ್ನು ಬೆರಳಲ್ಲಿ ಹಿಡಿದು "ಆಯ್ತಾ?" ಎನ್ನುತ್ತಿದ್ದ. "ಇರಿ," ಎನ್ನುತ್ತಿದ್ದಳು. ಅವನು ಇರುತ್ತಿದ್ದ. ಕೊಲೆಗಾರನ ಸುದ್ದಿ ಅಲ್ಲೆಲ್ಲೂ ಬರಲಿಲ್ಲ. ಗಡಿಯಾರದ ಅಂಗಡಿಯಲ್ಲಿ ಇಬ್ಬರು ಕೂತು ಏನೇನೋ ಮಾತಾಡುತ್ತಿದ್ದರು, ಕಿಟಕಿಯಲ್ಲಿ ಬೆಳಕು ಸರಿಯುತ್ತಿತ್ತು. ಈ ಅಂಗಡಿಯಲ್ಲೂ ಸರಿಯಿತು. ಗೋಡೆಯ ಕನ್ನಡಿಯಿಂದ ಮೇಜಿನ ಕನ್ನಡಿಗೆ, ಅಲ್ಲಿಂದ ಅವನ ತೋಳಿಗೆ, ತೋಳಿನಿಂದ ಅವಳ ಕೈಗೆ.

"ಆಯ್ತಾ?" ಅವನು ಕೇಳಿದ.

ಅವಳು ಆ ಪುಟ ಮುಗಿಸಿ ಬಹಳ ಹೊತ್ತಾಗಿತ್ತು.

"ಇನ್ನೂ ಸ್ವಲ್ಪ ಇದೆ," ಎಂದಳು.