ಎರಡು ಬೆರಳಿನ ಸಾಲ

ಮಳೆ ನಿಂತು ವಾರವಾಗಿತ್ತು. ನೆನೆದ ಗೋಡೆಗಳನ್ನೆಲ್ಲ ರಿಪೇರಿ ಮಾಡುವ ಕಾಲ. ಅಂಗಳದಲ್ಲಿ ಅಪ್ಪ ಮರಳು ಜರಡಿ ಹಿಡಿಯುತ್ತಿದ್ದ. ಒಳಗೆ, ಗೋಡೆಗೆ ಮುಖ ಮಾಡಿ ನಿಂತ ಅಜ್ಜನ ಬಲಗೈ ಬೆರಳುಗಳು ಇರುವೆಯ ಹಾಗೆ ಮೆಲ್ಲಗೆ ಮೇಲೇರುತ್ತಿದ್ದವು.

“ಬಿಡ್ಬೇಡ ಅಜ್ಜ! ಇನ್ನೊಂಚೂರು!” ಮೊಮ್ಮಗಳು ಚೋಟಿ ಕುಣಿಯುತ್ತಿದ್ದಳು.

ಅಜ್ಜ ಗಾರೆ ಮೇಸ್ತ್ರಿ. ಭುಜದ ಸ್ನಾಯು ಪೂರ್ತಿ ಹರಿದು ಕೈ ಎತ್ತಲಾಗದೆ ಹೋಗಿತ್ತು. ಹೊಲಿದು ಸರಿಮಾಡುವ ಹಾಗೂ ಇರಲಿಲ್ಲ. ಡಾಕ್ಟರು ಬೆನ್ನಿನ ಸ್ನಾಯುವೊಂದರ ತುದಿ ಬಿಡಿಸಿ ತಂದು ಭುಜಕ್ಕೆ ಸೇರಿಸಿದ್ದರು. ಇಷ್ಟು ದಿನ ಕೈಯನ್ನು ಕೆಳಗೆ ಎಳೆಯುತ್ತಿದ್ದ ಅದು ಈಗ ಮೇಲೆ ಎತ್ತುವುದನ್ನು ಕಲಿಯಬೇಕಿತ್ತು.

ಎಕ್ಸರ್‌ಸೈಜ್ ಹೇಳಿಕೊಡುವ ಮೇಡಂ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದ್ದರು. “ಇದನ್ನ ಮುಟ್ಟೋ ತನಕ ಗಾರೆ ಮೆತ್ತೋ ಕರಣೆ ಹಿಡಿಯೋ ಹಾಗಿಲ್ಲ. ಹಿಡಿದ್ರೆ ಮತ್ತೆ ಹರಿಯುತ್ತೆ,” ಅಂದಿದ್ದರು. ಮೂರು ವಾರದಿಂದ ಅಜ್ಜನ ಬೆರಳು ಗೆರೆಯ ಕೆಳಗೇ ನಿಲ್ಲುತ್ತಿತ್ತು. ಅಜ್ಜನ ಜೋಕುಗಳೂ ನಿಂತುಹೋಗಿದ್ದವು.

ಇವತ್ತು ಮುಟ್ಟಿತು!

“ಲೋ, ನನ್ನ ಕರಣೆ ತಗೊಂಡ್ ಬಾರೋ!” ಅಜ್ಜ ಅಂಗಳದತ್ತ ಕೂಗಿದ.

ಚೋಟಿಯ ಮುಖ ಬಿಳುಚಿತು. “ಬೇಡ ಅಜ್ಜ! ಆ ಗೆರೆ... ಬೆಳಿಗ್ಗೆ ನಾನೇ ಒರೆಸಿ ಎರಡು ಬೆರಳು ಕೆಳಗೆ ಹಾಕ್ದೆ. ನೀನು ನಗ್ಲಿ ಅಂತ.”

ಅಜ್ಜ ನಕ್ಕೇಬಿಟ್ಟ. “ಈ ಗೋಡೆಗೆ ಗಾರೆ ಮೆತ್ತಿದೋನು ನಾನು ಕಣೇ. ಎರಡು ಬೆರಳು ಇಳಿಸಿದ್ರೆ ಗೊತ್ತಾಗಲ್ವಾ? ಅದೂ ಸೊಟ್ಟ ಗೆರೆ!”

“ಮತ್ತೆ ಕರಣೆ ಯಾಕೆ ಕೇಳ್ದೆ?”

“ನೀನು ಎಷ್ಟೊತ್ತು ಬಾಯಿ ಮುಚ್ಕೊಂಡಿರ್ತೀಯ ನೋಡೋಣ ಅಂತ. ಹೋಗ್ಲಿ, ಎರಡು ಬೆರಳು ಸಾಲ ಕೊಟ್ಟಿದ್ದೀಯ. ತೀರಿಸ್ತೀನಿ. ಹಳೇ ಗೆರೆ ಎಳಿ.”

ಚೋಟಿ ಸ್ಟೂಲು ಹತ್ತಿ, ಒರೆಸಿದ ಗುರುತು ಹುಡುಕಿ, ಅಪ್ಪನ ರಸಮಟ್ಟ ಇಟ್ಟು ನೇರವಾಗಿ ಎಳೆದಳು.

ಹತ್ತು ದಿನ ಕಳೆಯಿತು. ಬೆರಳು ಅಲ್ಲೇ. ಒಂದು ಸಂಜೆ ಎದುರುಮನೆ ಮಾಳಿಗೆಗೆ ಅಪ್ಪ ರಾಟೆಯಲ್ಲಿ ಗಾರೆ ಬಕೆಟ್ ಏರಿಸುತ್ತಿದ್ದ. ಹಗ್ಗ ಕೆಳಗೆ ಬಂದರೆ ಬಕೆಟ್ ಮೇಲೆ. ನೋಡುತ್ತಿದ್ದ ಚೋಟಿ ಒಳಗೆ ಓಡಿದಳು.

“ಅಜ್ಜ! ಬೆನ್ನಿನ ಸ್ನಾಯುಗೆ ಎಳೆಯೋದು ತಾನೇ ಗೊತ್ತಿರೋದು? ಎತ್ತು ಅನ್ಬೇಡ ಅದಕ್ಕೆ. ರಾಟೆ ಹಗ್ಗ ಎಳಿ ಅನ್ನು!”

ಅಜ್ಜ ಕಣ್ಣು ಮುಚ್ಚಿದ. ಮನಸ್ಸಿನಲ್ಲೇ ಹಗ್ಗ ಹಿಡಿದ, ಎಳೆದ. ಬೆರಳುಗಳು ಮೆಲ್ಲಗೆ ಏರಿದವು. ಗೆರೆ ಮುಟ್ಟಿದವು.

“ಸಾಲ ಚುಕ್ತಾ!”

“ಬಡ್ಡಿ?” ಅಂದಳು ಚೋಟಿ.

ಅಜ್ಜ ಹಲ್ಲು ಕಚ್ಚಿ ಇನ್ನೊಂದು ಉಗುರಿನಷ್ಟು ಏರಿಸಿದ.

ಚೋಟಿ, ಅಜ್ಜನ ಉಗುರು ನಿಂತ ಜಾಗದಲ್ಲೇ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ, ಹೊಸ ಗೆರೆ ಎಳೆದಳು. ಆಮೇಲೆ ಕರಣೆ ತರಲು ಓಡಿದಳು.