ಅಡುಗೆಕಟ್ಟೆಯ ಎರಡು ಎತ್ತರ

"ಏನ್ರೀ ಮಾಡ್ತಿದ್ದೀರಿ ನೀವು?"

ಅವಳು ತಿರುಗಿಯೂ ನೋಡಲಿಲ್ಲ. ಕೈಯಲ್ಲಿ ಸೈಕಲ್ ಚೈನು, ಮುಂದೆ ಹೊಚ್ಚಹೊಸ ಊಟದ ಮೇಜು, ಹಣೆಯ ತುಂಬ ಬೆವರು. ಮತ್ತೊಂದು ಏಟು ಬಿತ್ತು. ನುಣುಪಾದ ಮರದ ಅಂಚಿನಲ್ಲಿ ಸಾಲಾಗಿ ಗುರುತು ಮೂಡಿತು.

"ಹಳೇದು ಮಾಡ್ತಿದ್ದೀನಿ," ಎಂದಳು.

"ನಿನ್ನೆ ಸಂಜೆ ತನಕ ಉಜ್ಜಿ ಉಜ್ಜಿ ನುಣುಪು ಮಾಡಿದ ಮೇಜು ರೀ ಅದು."

"ನಿಮಗೆ ಹೇಗೆ ಗೊತ್ತು?"

"ಉಜ್ಜಿದವನು ನಾನೇ."

ಚೈನು ಗಾಳಿಯಲ್ಲೇ ನಿಂತಿತು. ಬಾಗಿಲಲ್ಲಿ ನಿಂತಿದ್ದವನು ಮೇಜನ್ನು ಕಳಿಸಿದ್ದ ಬಡಗಿ. ಅವಳಷ್ಟೇ ಎತ್ತರದ ಆಳು, ಕಿವಿಯ ಹಿಂದೆ ಪೆನ್ಸಿಲ್, ಮುಖದಲ್ಲಿ ಹೆತ್ತ ಮಗುವಿಗೆ ಯಾರೋ ಹೊಡೆದಂಥ ಸಂಕಟ. ಅವಳಿಗೆ ಒಳಗೊಳಗೇ ನಾಚಿಕೆಯಾಯಿತು. ಆದರೆ ಸೋಲೊಪ್ಪುವ ಜಾಯಮಾನ ಅವಳದಲ್ಲ.

"ಹತ್ತು ತಲೆಮಾರು ಉಂಡ ಮೇಜಿನ ಹಾಗೆ ಕಾಣಬೇಕು ಇದು," ಎಂದಳು.

"ಹಾಗಾದ್ರೆ ಹತ್ತು ತಲೆಮಾರು ಉಣ್ಣಿ. ತಾನಾಗೇ ಆಗುತ್ತೆ."

"ಅಷ್ಟು ಪುರುಸೊತ್ತಿಲ್ಲ. ಮುಂದಿನ ತಿಂಗಳು ನಮ್ಮಕ್ಕ ಈ ಮನೆಗೆ ಬರ್ತಾಳೆ."

ಅವನು ಬಗ್ಗಿ ಏಟುಗಳನ್ನು ಬೆರಳಿನಿಂದ ಸವರಿದ. "ಅಂಚಿಗೆ ಮಾತ್ರ ಯಾಕೆ ಹೊಡೆದಿದ್ದೀರಿ?"

"ಕುರ್ಚಿ ತಾಗೋದು, ಮಕ್ಕಳು ಚಮಚ ಬಡಿಯೋದು, ಕೋಪ ಬಂದವರು ಕೈ ಊರಿ ಏಳೋದು... ಎಲ್ಲಾ ಅಂಚಿಗೇ ಅಲ್ವಾ?"

ಅವನು ತಲೆಯೆತ್ತಿದ. ಅವಳ ಮುಖವನ್ನೊಮ್ಮೆ ಸರಿಯಾಗಿ ನೋಡಿದ. ಆ ನೋಟಕ್ಕೆ ಅವಳ ಎದೆ ಯಾಕೆ ಧಸಕ್ಕೆಂದಿತೋ ಅವಳಿಗೂ ತಿಳಿಯಲಿಲ್ಲ.

ಮನೆ ಅಲಂಕರಿಸುವುದೇ ಅವಳ ಕಸುಬು. ಸಿಕ್ಕಿದ್ದಕ್ಕೆಲ್ಲ ಬಣ್ಣದ ಕುಚ್ಚು ಕಟ್ಟುತ್ತಾಳೆಂದು ಅಕ್ಕ ಇಟ್ಟ ಹೆಸರು 'ಕುಚ್ಚಿ'. ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಅಪ್ಪ ಅಮ್ಮ ಹೋದಾಗ ಕುಚ್ಚಿಗೆ ಇನ್ನೂ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಜಡೆ ಹಾಕಿದ್ದು ಅಕ್ಕ, ಓದಿಸಿದ್ದು ಅಕ್ಕ, ಜ್ವರ ಬಂದಾಗ ಡ್ಯೂಟಿಯ ಬಟ್ಟೆಯಲ್ಲೇ ಪಕ್ಕದಲ್ಲಿ ಮಲಗಿದ್ದೂ ಅಕ್ಕ. ಬಂದ ಸಂಬಂಧಗಳನ್ನೆಲ್ಲ "ತಂಗಿ ಒಂದು ದಡ ಸೇರಲಿ" ಎಂದು ವಾಪಸ್ ಕಳಿಸಿದಳು. ತಂಗಿ ದಡ ಸೇರುವ ಹೊತ್ತಿಗೆ ಅಕ್ಕನ ತಲೆಯಲ್ಲಿ ಬೆಳ್ಳಿ ಕೂದಲು ಇಣುಕಿತ್ತು.

ಈಗ ಅಕ್ಕ ತನ್ನದೇ ಆದ ಒಂದು ಹಳೆಯ ಪುಟ್ಟ ಮನೆ ಕೊಂಡಿದ್ದಳು. 'ಈ ಮನೆಯನ್ನು ನಾನೇ ಸಿಂಗರಿಸಬೇಕು. ನಾನು ಅಕ್ಕನಿಗೆ ಕೊಡಬಹುದಾದದ್ದು ಇದೊಂದೇ...' ಎಂದು ಕುಚ್ಚಿ ಪಣ ತೊಟ್ಟಿದ್ದಳು.

ತೊಡಕು ಒಂದೇ. ಅಕ್ಕನಿಗೆ ಒರಟು ಮರ, ಮಣ್ಣಿನ ಬಣ್ಣದ ಗೋಡೆ, ಬೆತ್ತದ ಬುಟ್ಟಿ, ಕಬ್ಬಿಣದ ದೀಪ ಇಷ್ಟ. ತಂಗಿಗೆ ಚೂರುಬಟ್ಟೆಯ ದಿಂಬು, ಏಳೆಂಟು ಬಣ್ಣದ ಜಮಖಾನ, ಕನ್ನಡಿಚೂರು, ತೂಗುಬಳ್ಳಿ. ಕಸುಬಿನವರು ಮೊದಲನೆಯದಕ್ಕೆ ರಸ್ಟಿಕ್ ಎನ್ನುತ್ತಾರೆ, ಎರಡನೆಯದಕ್ಕೆ ಬೊಹೀಮಿಯನ್. ಅಕ್ಕನ ಭಾಷೆಯಲ್ಲಿ ಮೊದಲನೆಯದು ಮನೆ, ಎರಡನೆಯದು ಸಂತೆ. ಹಾಗಾಗಿ ಇಲ್ಲಿ ತನ್ನದೊಂದು ದಾರದೆಳೆಯೂ ಇರಬಾರದೆಂದು ಕುಚ್ಚಿ ತೀರ್ಮಾನಿಸಿದ್ದಳು.

ಆ ತೀರ್ಮಾನವನ್ನು ಮುರಿದವನು ಬಡಗಿ. ಕಪಾಟು, ಬೆಂಚು, ಕಿಟಕಿ ಎಲ್ಲವೂ ಅವನದೇ ಕೆಲಸ. ದಿನವೂ ಬರುತ್ತಿದ್ದ, ದಿನವೂ ಜಗಳವಾಡುತ್ತಿದ್ದ. ಒಂದು ಮಧ್ಯಾಹ್ನ ನಡುಮನೆಯಲ್ಲಿ ನಿಂತು, "ಮರದವನು ನಾನೇ ಹೇಳ್ತೀನಿ ಕೇಳಿ, ಇದು ಉಗ್ರಾಣದ ಹಾಗಿದೆ. ನಿಮ್ಮ ಸಂತೆ ಸ್ವಲ್ಪ ತನ್ನಿ," ಎಂದ.

"ಅಕ್ಕನಿಗೆ ಇಷ್ಟ ಆಗಲ್ಲ."

"ತಂದು ನೋಡಿ. ಆಗದಿದ್ರೆ ನಾನೇ ಹೊತ್ಕೊಂಡು ಹೋಗ್ತೀನಿ."

ಅವಳು ಹೆದರುತ್ತಲೇ ಮರದ ಗಂಟುಗಳು ಎದ್ದು ಕಾಣುವ ಬೆಂಚಿನ ಮೇಲೆ ಒಂದು ಚೂರುಬಟ್ಟೆಯ ದಿಂಬಿಟ್ಟಳು. ಮರದ ಕಂದು ಬೆಚ್ಚಗಾಯಿತು, ದಿಂಬಿನ ಕೆಂಪಿನ ಅಬ್ಬರ ಇಳಿಯಿತು. ಎರಡೂ ಒಂದನ್ನೊಂದು ಕಾಯುತ್ತಿದ್ದವೇನೋ ಅನ್ನಿಸಿತು. ಅಕ್ಕ ಬಂದವಳು ಆ ಬೆಂಚಿನ ಮೇಲೆ ಕಾಲು ಚಾಚಿ ಕೂತು, "ಸಂತೆ ಪರವಾಗಿಲ್ಲ ಕಣೇ," ಎಂದಳು. ಕುಚ್ಚಿಯ ಕಣ್ಣು ತುಂಬಿತು.

ಮರುದಿನ ನೋಡಿದರೆ ಕಿಟಕಿಯ ಮೇಲೆ ತೂಗುಬಳ್ಳಿಗೆಂದು ಕೊಕ್ಕೆಗಳು. ಕೇಳದೆಯೇ ಹಾಕಿದ್ದ ಮಹಾಶಯ!

'ಹುಚ್ಚಿ, ನಾಲ್ಕು ಕೊಕ್ಕೆಗೆ ಮನಸ್ಸು ಕೊಟ್ಟುಬಿಡ್ತೀಯಾ?' ಎಂದು ತನ್ನನ್ನೇ ಬೈದುಕೊಂಡಳು. ಮನಸ್ಸು ಅಷ್ಟು ಹೊತ್ತಿಗಾಗಲೇ ಹೋಗಿಯಾಗಿತ್ತು.

ಆಮೇಲೊಂದು ದಿನ ದೀಪದ ಬುಟ್ಟಿ ಹಿಡಿದು ಒಳಗೆ ಬಂದಾಗ ಅಡುಗೆಮನೆಯಿಂದ ಅಕ್ಕನ ನಗು ಕೇಳಿಸಿತು. ಅಕ್ಕ ಹಾಗೆ ಮನಸ್ಸು ಬಿಚ್ಚಿ ನಕ್ಕಿದ್ದನ್ನು ಅವಳು ಕೇಳಿ ಎಷ್ಟೋ ಕಾಲವಾಗಿತ್ತು. ಅವಳು ಬಾಗಿಲಿನ ಈಚೆಗೇ ನಿಂತಳು.

ಅಕ್ಕ ಕೈ ಮಡಚಿ ಗೋಡೆಗೆ ಒತ್ತಿ ನಿಂತಿದ್ದಳು. ಬಡಗಿ ನೆಲದಿಂದ ಅವಳ ಮೊಣಕೈವರೆಗೆ ಟೇಪು ಹಿಡಿದು ಗೋಡೆಯ ಮೇಲೆ ಗೆರೆ ಎಳೆದ. "ಈಗ ನೀವು ನಿಂತ್ಕೊಳ್ಳಿ," ಎಂದು ಅಕ್ಕ ಟೇಪು ಕಿತ್ತುಕೊಂಡು ಅವನ ಮೊಣಕೈ ಅಳೆದಳು. ಮೊದಲ ಗೆರೆಗಿಂತ ಸ್ವಲ್ಪ ಮೇಲೆ ಇನ್ನೊಂದು ಗೆರೆ ಬಿತ್ತು.

"ಕಟ್ಟೆ ಎರಡು ಎತ್ತರದ್ದು ಇರಲಿ," ಎಂದಳು ಅಕ್ಕ. "ಒಬ್ಬಳೇ ನಿಂತು ಬೇಯಿಸಿದ್ದು ಸಾಕಾಯ್ತು ನನಗೆ."

ಕುಚ್ಚಿ ದೀಪದ ಬುಟ್ಟಿಯನ್ನು ಮೆಲ್ಲಗೆ ನೆಲಕ್ಕಿಳಿಸಿದಳು.

ಅವಳ ಕಸುಬಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ಮಾತು. ಅಡುಗೆಕಟ್ಟೆಯನ್ನು ಅಲ್ಲಿ ಅಡುಗೆ ಮಾಡುವವರ ಮೊಣಕೈಗೆ ಸರಿಯಾಗಿ ಕಟ್ಟುತ್ತಾರೆ. ಈ ಮನೆಯಲ್ಲಿ ಅಡುಗೆ ಮಾಡುವವರು ಅಕ್ಕ ಮತ್ತು ಅವನು. ತನ್ನ ಹೆಸರು ಆ ಲೆಕ್ಕಕ್ಕೇ ಬರುವುದಿಲ್ಲ, ಅವಳಿಗೂ ಅಡುಗೆಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಸದ್ದಾಗದಂತೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು.

'ಇಬ್ಬರದೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಅಕ್ಕನ ಬಾಳಿನಲ್ಲಿ ಈಗಲಾದರೂ ಒಬ್ಬರು ಬಂದಿದ್ದಾರೆ... ತನ್ನ ತಟ್ಟೆಯದನ್ನೆಲ್ಲ ನನಗೆ ಬಡಿಸಿದವಳು. ಅವಳ ತಟ್ಟೆಗೆ ಕೈ ಹಾಕಲಾ ನಾನು?'

ಕಣ್ಣೊರೆಸಿಕೊಂಡು ಎದ್ದಳು. ತೀರ್ಮಾನ ಆಗಿಹೋಗಿತ್ತು. ದುಡುಕುವುದರಲ್ಲಿ ನಮ್ಮ ಕುಚ್ಚಿಯನ್ನು ಮೀರಿಸುವವರಿಲ್ಲ.

ಮಾರನೆಯ ದಿನ ಅವನ ಕಾರ್ಖಾನೆಗೆ ಹೋದಳು. ಅವನು ಹಲಗೆಗೆ ತೋಪಡ ಹೊಡೆದು ನುಣುಪು ಮಾಡುತ್ತಿದ್ದ, ಮರದ ಸುರುಳಿಗಳು ಕಾಲಬುಡದಲ್ಲಿ ಬಿದ್ದಿದ್ದವು.

"ನನಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ," ಎಂದಳು. ಸುಳ್ಳೇನಲ್ಲ, ಬೇಡವೆಂದಿದ್ದ ಕೆಲಸವನ್ನು ಆವತ್ತು ಬೆಳಿಗ್ಗೆಯಷ್ಟೇ ಒಪ್ಪಿಕೊಂಡಿದ್ದಳು.

ಅವನ ಕೈ ನಿಂತಿತು. "ವಾಪಸ್ ಯಾವಾಗ?"

"ಗೊತ್ತಿಲ್ಲ... ಒಂದು ಮಾತು. ಅಕ್ಕನನ್ನ ಚೆನ್ನಾಗಿ ನೋಡ್ಕೊಳ್ಳಿ."

ಅವನು ತೋಪಡವನ್ನು ಕೆಳಗಿಟ್ಟ, ಮತ್ತೆ ಎತ್ತಿಕೊಂಡ.

"ಆಗಲಿ," ಎಂದ.

ಆ ಒಂದು ಮಾತಿಗೆ ಅವಳಲ್ಲಿ ಉಳಿದಿದ್ದ ಚೂರು ಆಸೆಯೂ ಹೋಯಿತು.

ಅಲ್ಲಿಂದ ನೇರ ಅಕ್ಕನ ಮನೆಗೆ ಬಂದಳು. ದಿಂಬು, ಜಮಖಾನ, ಕನ್ನಡಿಚೂರಿನ ಪರದೆ, ಈಚೆಗೆ ತಂದಿಟ್ಟಿದ್ದನ್ನೆಲ್ಲ ಒಂದೊಂದಾಗಿ ತೆಗೆದು ಗಂಟು ಕಟ್ಟಿದಳು. ತಾನಿಲ್ಲದ ಮನೆಯಲ್ಲಿ ತನ್ನ ಬಣ್ಣ ಯಾಕೆ? ಗೋಡೆಗಳು ಬೋಳಾಗಿ ಅವಳನ್ನೇ ನೋಡಿದವು.

ಅಷ್ಟರಲ್ಲಿ ಡ್ಯೂಟಿ ಮುಗಿಸಿದ ಅಕ್ಕ ಒಳಗೆ ಬಂದಳು. ಸುತ್ತಲೂ ನೋಡಿದಳು.

"ಕಳ್ಳ ಬಂದಿದ್ನಾ? ಬಣ್ಣ ಮಾತ್ರ ಕದಿಯೋ ಕಳ್ಳನನ್ನ ನಾನು ಎಲ್ಲೂ ನೋಡಿಲ್ಲಪ್ಪ."

"ಅಕ್ಕ, ಇದು ನಿನ್ನ ಮನೆ. ನಿನಗೆ ಇಷ್ಟ ಬಂದ ಹಾಗಿರಲಿ ಅಂತ..."

"ಕಣ್ಣು ಯಾಕೆ ಊದಿದೆ?"

"ಧೂಳು."

"ಇಪ್ಪತ್ತು ವರ್ಷ ರೋಗಿಗಳ ಸುಳ್ಳು ಕೇಳಿದವಳು ನಾನು. ಕೂತ್ಕೋ, ಬಾಯಿ ಬಿಡು."

ಕುಚ್ಚಿ ಬಾಯಿ ಬಿಟ್ಟಳು. ಗೋಡೆಯ ಎರಡು ಗೆರೆ, ಊರು ಬಿಡುವ ಯೋಚನೆ, ಕೊನೆಗೆ ಕೊಕ್ಕೆಗಳ ವಿಷಯ ಕೂಡ ಹೊರಗೆ ಬಂತು. ಅಕ್ಕ ಮೊದಲು ಬೆರಗಾದಳು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ನಗು ನಿಂತ ಮೇಲೆ ಸಿಟ್ಟು ಬಂತು.

"ನನ್ನ ಋಣ ತೀರಿಸೋಕೆ ನನಗೆ ಗಂಡು ಪಾರ್ಸಲ್ ಮಾಡ್ತಿದ್ಯಾ? ನನಗೆ ಬೇಕಾ ಅಂತ ಕೇಳಿದ್ಯಾ? ಆ ಪುಣ್ಯಾತ್ಮನನ್ನಾದ್ರೂ ಕೇಳಿದ್ಯಾ?"

"ಮತ್ತೆ ಆ ಗೆರೆ?"

"ಮೇಲಿನದು ನಿಂದು ಕಣೇ! ನೀನೂ ಅವರೂ ಒಂದೇ ಎತ್ತರ. ನೀನಿರಲಿಲ್ಲ, ಅವರನ್ನ ನಿಲ್ಲಿಸಿ ಅಳೆದೆ. ನಾನು ಬೇಯಿಸೋವಾಗ ನೀನು ಪಕ್ಕದಲ್ಲಿ ನಿಂತು ಒಂದು ಈರುಳ್ಳಿನಾದ್ರೂ ಹೆಚ್ಚಬೇಕು, ಮಾತಾಡ್ತಾ ಇರೋಣ ಅಂತ ಆಸೆ ನನಗೆ."

ಕುಚ್ಚಿ ತಲೆ ತಗ್ಗಿಸಿದಳು. "ನನ್ನಿಂದ ನಿನ್ನ ಮದುವೆ ಆಗಲಿಲ್ಲ ಅಕ್ಕ..."

"ಯಾರು ಹೇಳಿದ್ರು? ಬಂದ ಗಂಡುಗಳನ್ನ ನೀನು ನೋಡಿಲ್ಲ. ಒಬ್ಬ ಕಾಫಿ ಕುಡಿದ್ರೆ ಎಮ್ಮೆ ನೀರು ಕುಡಿದ ಹಾಗೆ ಕೇಳಿಸ್ತಿತ್ತು. ನೀನು ನನಗೆ ಒಳ್ಳೆ ನೆಪ ಆದೆ." ಅಕ್ಕನ ದನಿ ಮೆತ್ತಗಾಯಿತು. "ನಿನ್ನನ್ನ ಸಾಕಿದ್ದು ತ್ಯಾಗ ಅಲ್ಲ ಕಣೇ. ದಿನಾ ಸಾವು ನೋವು ನೋಡಿ ಮನೆಗೆ ಬರ್ತಿದ್ದೆ. ಬಾಗಿಲು ತೆಗೆದ ಕೂಡಲೇ ನೀನು ಬಣ್ಣದ ದಾರ ಹರಡ್ಕೊಂಡು ಕೂತಿರ್ತಿದ್ದೆ. ಅದನ್ನ ನೋಡೋಕೆ ಅಂತಲೇ ಓಡಿ ಬರ್ತಿದ್ದೆ ನಾನು."

ಕುಚ್ಚಿ ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿದಳು.

"ನಾನು ಒಂದು ಸಲವೂ ನಿನಗೆ ಬಾಯಿಬಿಟ್ಟು ಹೇಳಿಲ್ಲ ಅಲ್ವಾ?"

"ಇಲ್ಲ. ಏನಾದ್ರೂ ಮಾಡಿ ತೋರಿಸೋಕೆ ಹೋಗ್ತೀಯ, ಎಡವಟ್ಟಾಗುತ್ತೆ. ಹೇಳೋದಿದ್ರೆ ಹೇಳಿಬಿಡು."

"ನೀನಿದ್ದೆ ಅಂತ ನಾನು ಬದುಕಿದೆ, ಅಕ್ಕ."

ಅಕ್ಕ ತಂಗಿಯ ತಲೆ ಸವರುತ್ತಿದ್ದಳು. ಆಮೇಲೆ ಮೂಗೊರೆಸಿಕೊಂಡು, "ಸರಿ, ಲೆಕ್ಕ ಚುಕ್ತಾ. ಈಗ ಏಳು. ಅಲ್ಲೊಬ್ಬರು ಮರಕ್ಕಿಂತ ಕಡೆಯಾಗಿ ನಿಂತಿರ್ತಾರೆ, ಹೋಗಿ ಮಾತಾಡು," ಎಂದಳು.

ಸಂಜೆಯ ಬಿಸಿಲು ಕಾರ್ಖಾನೆಯ ಬಾಗಿಲಲ್ಲಿ ಬಿದ್ದಿತ್ತು. ಅವನು ಕೆಲಸ ಬಿಟ್ಟು ಸುಮ್ಮನೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಹೊರಟ್ರಾ?"

"ಇಲ್ಲ. ಆ ಕೆಲಸ ಬೇಡ ಅಂದುಬಿಟ್ಟೆ." ಅವಳು ಉಸಿರೆಳೆದುಕೊಂಡಳು. "ನೀವು ಅಕ್ಕನನ್ನ ಮದುವೆ ಆಗ್ತೀರಿ ಅಂದ್ಕೊಂಡಿದ್ದೆ."

"ನಾನಾ?" ಅವನ ಕಣ್ಣು ದೊಡ್ಡದಾಯಿತು. "ಅವರನ್ನ ಕಂಡ್ರೆ ನನಗೆ ಭಯ ರೀ. ಸೂಜಿ ಚುಚ್ಚೋ ಕೈ."

"ಮತ್ತೆ ಚೆನ್ನಾಗಿ ನೋಡ್ಕೊಳ್ಳಿ ಅಂದಾಗ ಆಗಲಿ ಅಂದ್ರಲ್ಲ?"

"ಮತ್ತೇನನ್ನಲಿ? ನೋಡ್ಕೊಳ್ಳಲ್ಲ ಅನ್ನಲಾ?"

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು. ಅವನೂ ನಕ್ಕ, ಆದರೆ ಆ ನಗು ಬೇಗ ನಿಂತಿತು.

"ನಿಮ್ಮನ್ನ ತಡೆಯೋಕೆ ನಾನ್ಯಾರು ಅಂತ ಸುಮ್ಮನಾದೆ," ಎಂದ. "ಇಡೀ ದಿನ ಒಂದು ಹಲಗೆ ನೆಟ್ಟಗೆ ಕೊಯ್ಯೋಕಾಗಲಿಲ್ಲ. ನೀವು ಬರೋ ತನಕ ಮರ ಬಿಟ್ರೆ ನನಗೆ ಬೇರೇನೂ ಕಾಣ್ತಿರಲಿಲ್ಲ. ಈಗ ದಾರೀಲಿ ಹೋಗೋವಾಗ ಯಾರದೋ ಬಾಲ್ಕನಿಯಲ್ಲಿ ಒಣಗೋ ಬಟ್ಟೆ ಕೂಡ ನಿಂತು ನೋಡ್ತೀನಿ, ಈ ನೀಲಿ ನಿಮಗೆ ಇಷ್ಟ ಆಗುತ್ತೇನೋ ಅಂತ. ಅದಕ್ಕೆ... ನಿಮಗೆ ಹೇಗೆ ಹೇಳಲಿ, ನಾನು ತುಂಬಾ ಋಣಿ."

"ಋಣ ಅನ್ನಬೇಡಿ," ಎಂದಳು ಅವಳು ಮೆಲ್ಲಗೆ. "ಆ ಮಾತಿನಿಂದ ಇವತ್ತು ನಾನು ಎಲ್ಲಾ ಕಳ್ಕೊಳ್ತಿದ್ದೆ. ಇಷ್ಟ ಅನ್ನಿ ಸಾಕು."

"ಇಷ್ಟ."

"ನನಗೂ."

ಇಷ್ಟು ಹೇಳಲು ಇಬ್ಬರಿಗೂ ಒಂದು ಇಡೀ ಮನೆ ಕಟ್ಟಿದಷ್ಟು ದಣಿವಾಗಿತ್ತು. ಅವನು ಮೇಲಿನ ಕೋಣೆಯತ್ತ ಕೈ ತೋರಿಸಿದ. ಅಲ್ಲಿ ಅವನೊಬ್ಬನೇ ವಾಸ.

"ಮೇಲೆ ನನ್ನ ಕಿಟಕಿಗೆ ಪರದೇನೇ ಇಲ್ಲ," ಎಂದ.

"ನಾಳೆ ಅಳತೆ ತಗೊಳ್ಳೋಕೆ ಬರಲಾ?"

"ಅಳತೆಗೆ ಬಂದವರು ಅಳತೆ ತಗೊಂಡು ಹೋಗಿಬಿಡ್ತಾರೆ." ಅವನು ಅವಳ ಕೈ ಹಿಡಿದುಕೊಂಡ. "ಇರೋಕೆ ಬಾ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಬರ್ತೀನಿ," ಎಂದಳು. "ಆದ್ರೆ ಊಟಕ್ಕೆ ಮಾತ್ರ ಇಬ್ಬರೂ ಅಕ್ಕನ ಮನೆಗೇ."